ಮೂವತ್ತನಾಲ್ಕನೆಯ ಕರೆ

ಸೆಪ್ಟೆಂಬರ್ ೧೭, ಮಂಗಳವಾರ
ಸಂಘದ ಕೋಣೆ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಕ್ಕ,

ಉಭಯ ಕುಶಲೋಪರಿ ಎಂದು ಶುರು ಮಾಡಲು ಪೆನ್ನು ಹೋಗುತ್ತಿಲ್ಲ. ಆ ಕಡೆ ಕುಶಲವಿಲ್ಲ, ಈ ಕಡೆ ನೆಮ್ಮದಿಯಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ ಎಂದರೆ ಅದೂ ನನ್ನ ಜಾಯಮಾನವಲ್ಲ. ಅಂಗಡಿಗೆ ಉಪ್ಪು ತರಲು ಹೋದರೂ ಊರು ಸುತ್ತಿಯೇ ಬರುವವಳು ನಾನು, ನೀನೇ ಎಷ್ಟು ಸಲ ಬೈದಿಲ್ಲ.

ನಿನ್ನ ಕಾಗದ ನಿನ್ನೆ ಬಂತು. ಲಕೋಟೆಯ ಮೇಲಿನ ಅಕ್ಷರ ನೋಡಿ, ಒಂದನೇ ತರಗತಿಯ ಯಾವುದೋ ಮಗು ಸಂಘಕ್ಕೆ ಬರೆದಿದೆ ಅಂದುಕೊಂಡೆ. ಒಡೆದ ಮೇಲೆ ತಿಳಿಯಿತು. ಎಡಗೈಯಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದವಳು ನೀನು. ಎರಡು ಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲ, ಅದಕ್ಕೇ ಬಲಗೈಯಲ್ಲಿ ಅಭ್ಯಾಸ ಮಾಡ್ತಿದ್ದೀನಿ, ನಗಬೇಡ ಅಂತ ಬರೆದಿದ್ದೀಯ. ನಾನು ನಗಲಿಲ್ಲ ಅಕ್ಕ. ಕಾಗದವನ್ನು ಮಡಚಿ ರವಿಕೆಯೊಳಗಿಟ್ಟುಕೊಂಡು ಬಚ್ಚಲಿಗೆ ಹೋಗಿ ಅತ್ತೆ.

ನೀನು ಕೇಳಿರುವುದು ಎರಡೇ ಮಾತು. ಬೀಳುವಾಗ ಫೋನಿನ ವೈರು ಹಿಡಿದುಕೊಂಡೆ, ಅದೂ ನನ್ನ ಜೊತೆಗೇ ಬಿತ್ತು, ನಿನಗೆ ಎಂಗೇಜ್ ಬಂದಿರಬೇಕು ಪಾಪ, ಹೌದೋ ಅಲ್ಲವೋ ಬರೆ ಅಂದಿದ್ದೀಯ. ಶನಿವಾರದ ಸಭೆಯಲ್ಲಿ, ಒಂಟಿಯಾಗಿರುವವರನ್ನು ವಿಚಾರಿಸುವ ಬೆಳಗಿನ ಕರೆಯನ್ನು ಯಂತ್ರಕ್ಕೆ ವಹಿಸುವುದೋ ನಮ್ಮ ಕೈಯಲ್ಲೇ ಇಟ್ಟುಕೊಳ್ಳುವುದೋ ತೀರ್ಮಾನವಾಗಬೇಕು, ನಿನ್ನ ಉತ್ತರ ನೋಡಿ ನನ್ನ ಮತ ಕಳಿಸುತ್ತೇನೆ ಅಂದಿದ್ದೀಯ. ನಮ್ಮ ಈ ಹಿರಿಯರ ಸಂಘ ಕಟ್ಟಿದವಳು ನೀನು. ನೀನು ಎತ್ತ ಕೈ ಎತ್ತುತ್ತೀಯೋ ಉಳಿದವರೂ ಅತ್ತಲೇ ಎತ್ತುತ್ತಾರೆ. ಈ ಕೆಲಸವೂ ಹೋದರೆ ನನಗೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಬೇರೆ ಕಾರಣವಿಲ್ಲ ಎಂಬುದೂ ನಿನಗೆ ಗೊತ್ತು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಆರೈಕೆ ಕೇಂದ್ರದಲ್ಲಿ ಫೋನಿರುವುದು ನರ್ಸಿನ ಮೇಜಿನ ಮೇಲೆ, ಇಡೀ ವಾರ್ಡಿಗೆ ಕೇಳಿಸುತ್ತದೆ. ಇನ್ನೊಂದು ಕಾರಣವೂ ಇದೆ. ಬದುಕಿಡೀ ಫೋನಿನಲ್ಲಿ ದುಡಿದವಳು ನಾನು, ದನಿಗೆ ಸಕ್ಕರೆ ಬೆರೆಸುವುದು ಎಷ್ಟು ಸುಲಭ ಅಂತ ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ನಿನ್ನೆಯಿಂದ ಹಳೆಯದೆಲ್ಲ ಕಣ್ಣ ಮುಂದೆ ಬರುತ್ತಿದೆ. ಟೆಲಿಫೋನ್ ಎಕ್ಸ್‌ಚೇಂಜಿನ ಆ ಉದ್ದನೆ ಕೋಣೆ, ಸಾಲಾಗಿ ಲೈನು ಕೊಡುವ ಹನ್ನೊಂದು ಬೋರ್ಡು, ಆರನೆಯದು ನಿನ್ನದು, ಏಳನೆಯದು ನನ್ನದು. ಇಪ್ಪತ್ತೆರಡು ವರ್ಷ ನಮ್ಮ ಮೊಣಕೈಗಳು ತಾಗಿಕೊಂಡೇ ಇದ್ದವು, ನೀನು ಎಡಚಿಯಾದ್ದರಿಂದ ದಿನಕ್ಕೆ ನೂರು ಸಲ. ದೀಪ ಹೊತ್ತಿಕೊಂಡ ಕೂಡಲೇ ಪ್ಲಗ್ಗು ಚುಚ್ಚಿ ನಂಬರ್ ಪ್ಲೀಸ್ ಅನ್ನಬೇಕು, ಅನ್ನುವಾಗ ನಗು ಕೇಳಿಸಬೇಕು, ನಿಜವಾಗಿ ನಗಬಾರದು. ಬೆನ್ನ ಹಿಂದೆ ನಮ್ಮ ಸೂಪರ್‌ವೈಸರ್ ಓಡಾಡುತ್ತಿದ್ದಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅದರ ಮೇಲಿಂದಲೇ ಜಗತ್ತನ್ನು ನೋಡುತ್ತಿದ್ದ ಆ ಮಹಾತಾಯಿಗೆ ಕನ್ನಡಕದಮ್ಮ ಅಂತ ಹೆಸರಿಟ್ಟವಳು ನೀನೇ. ನನಗೆ ಗುಬ್ಬಿ ಅಂತ ಇಟ್ಟವಳೂ ನೀನೇ. ಇಷ್ಟೇ ಇಷ್ಟು ಎತ್ತರ, ಮಾತು ಮಾತ್ರ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ.

ನಾನು ಸೇರಿದ ಮೊದಲ ತಿಂಗಳು ನೆನಪಿದೆಯಾ? ಯಾರೋ ದೊಡ್ಡ ಅಧಿಕಾರಿಯ ಟ್ರಂಕ್ ಕಾಲನ್ನು ನಡುವೆಯೇ ಕಿತ್ತು ಹಾಕಿದೆ. ಆತ ಅಲ್ಲಿಂದ ಕೂಗಾಡಿದ, ಕನ್ನಡಕದಮ್ಮ ಯಾರದು ಈ ಕೆಲಸ ಅಂತ ಬಂದಳು. ನಾನು ಬಾಯಿ ತೆರೆಯುವ ಮೊದಲೇ ನೀನು ನಂದೇ ಮೇಡಂ, ಎಡಗೈ ತಪ್ಪಿ ಬಿತ್ತು ಅಂದೆ. ಒಂದು ವಾರ ನಿನ್ನನ್ನು ದೂರಿನ ಕಡತ ಬರೆಯಲು ಕೂರಿಸಿದರು. ಯಾಕೆ ಹಾಗೆ ಮಾಡಿದ್ರಿ ಅಂತ ಕೇಳಿದ್ದಕ್ಕೆ, ನಿನಗೆ ಕೆಲಸ ಹೋಗ್ತಿತ್ತು, ನನಗೆ ಬೈಗುಳ ಅಷ್ಟೇ, ಲೆಕ್ಕ ಹಾಕಿ ನೋಡು ಅಂದಿದ್ದೆ. ಅಂದೇ ನಾನು ನಿನ್ನನ್ನು ನೀವು ಅನ್ನುವುದನ್ನು ಬಿಟ್ಟೆ.

ಆಮೇಲೆ ತಾನಾಗಿಯೇ ಲೈನು ಕೊಡುವ ಯಂತ್ರ ಬಂತು. ನಮ್ಮ ಹನ್ನೊಂದು ಬೋರ್ಡುಗಳನ್ನು ಲಾರಿಗೆ ಹಾಕಿ ಸಾಗಿಸಿದರು. ನಮ್ಮನ್ನು ದೂರು ವಿಭಾಗದ ಕಿಟಕಿಯಲ್ಲಿ ಕೂರಿಸಿ ಪಿಂಚಣಿಯವರೆಗೆ ತಳ್ಳಿದರು. ನೀನು ಅದನ್ನು ಅಂದೇ ನುಂಗಿಕೊಂಡೆ. ನಾನು ಇನ್ನೂ ಅಗಿಯುತ್ತಲೇ ಇದ್ದೇನೆ.

ಸಂಘ ಶುರುವಾದ ದಿನ ನೆನೆದರೆ ಈಗಲೂ ನಗು ಬರುತ್ತದೆ. ವರ್ಷಕ್ಕೊಮ್ಮೆ ಬದುಕಿದ್ದೇವೆ ಅಂತ ಖುದ್ದಾಗಿ ಹೋಗಿ ಸಹಿ ಹಾಕಿದರೆ ಮಾತ್ರ ಪಿಂಚಣಿ. ಆ ಕಚೇರಿಯನ್ನು ಒಂದು ವರ್ಷ ಎರಡನೇ ಮಹಡಿಗೆ ಸಾಗಿಸಿಬಿಟ್ಟರು, ಲಿಫ್ಟಿಲ್ಲ. ನಾವು ಇಪ್ಪತ್ತೆರಡು ಜನ ಮೆಟ್ಟಿಲಿಗೊಬ್ಬರಂತೆ ಕೂತೆವು. ಅಧಿಕಾರಿ ಇಳಿದು ಬಂದು ಇದೇನಮ್ಮಾ ಅಂದದ್ದಕ್ಕೆ, ಬದುಕಿದ್ದೀವಿ ಅಂತ ತೋರಿಸೋಕೆ ಅಲ್ಲಿವರೆಗೆ ಹತ್ತಿದ್ರೆ ಸತ್ತೇ ಹೋಗ್ತೀವಿ ಸಾರ್, ನೀವು ಚಿಕ್ಕವರು, ನೀವೇ ಕೆಳಗೆ ಬನ್ನಿ ಅಂದೆಯಲ್ಲ! ಮರುವಾರ ಕೆಳಗೆ ಮೇಜು ಬಂತು. ಆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿದ್ದ ನಿವೃತ್ತ ಬಸ್ ಕಂಡಕ್ಟರನ್ನೇ ನೀನು ಸಂಘದ ಕಾರ್ಯದರ್ಶಿ ಮಾಡಿದೆ. ಈಗಲೂ ಸಭೆ ಮುಗಿದಾಗ ಆತ ರೈಟ್ ರೈಟ್ ಅನ್ನದೆ ಯಾರೂ ಏಳುವುದಿಲ್ಲ.

ಬೆಳಗಿನ ಕರೆ ಶುರುವಾದದ್ದು ಮಾತ್ರ ನಗುವಿನಲ್ಲಲ್ಲ. ಕನ್ನಡಕದಮ್ಮ ತನ್ನ ಮನೆಯಲ್ಲಿ ಸತ್ತು ಮೂರು ದಿನವಾದ ಮೇಲೆ ಗೊತ್ತಾಯಿತು. ಬಾಗಿಲಲ್ಲಿ ಮೂರು ಪತ್ರಿಕೆ ಬಿದ್ದಿದ್ದವು. ಮಣ್ಣು ಮಾಡಿ ಬರುವಾಗ ನೀನು ದಾರಿಯಲ್ಲಿ ನಿಂತು, ಊರಿಗೆಲ್ಲ ಲೈನು ಕೊಟ್ಟೋಳಿಗೆ ಒಂದು ಫೋನ್ ಮಾಡೋರಿರಲಿಲ್ಲ ಗುಬ್ಬಿ ಅಂದೆ. ಮರುದಿನದಿಂದಲೇ ಈ ಕೋಣೆಯಲ್ಲಿ ನಮ್ಮ ಫೋನು ಕೂತಿತು. ನಿಯಮ ಬರೆದವಳೂ ನೀನೇ: ಬೆಳಿಗ್ಗೆ ಏಳೂವರೆಗೆ ಶುರು. ಉತ್ತರ ಬಂದರೆ ಹಾಳೆಯಲ್ಲಿ ಹೆಸರಿನ ಮುಂದೆ ಸರಿ ಗುರುತು. ಎತ್ತದಿದ್ದರೂ ಎಂಗೇಜ್ ಬಂದರೂ ಐದೈದು ನಿಮಿಷಕ್ಕೆ ಇನ್ನೆರಡು ಸಲ. ಮೂರನೆಯದಕ್ಕೂ ಇಲ್ಲವೆಂದರೆ ಗೋಡೆಯ ಮೊಳೆಗೆ ನೇತುಹಾಕಿರುವ ಅವರ ಮನೆಯ ಇನ್ನೊಂದು ಕೀಲಿ ತೆಗೆದುಕೊಂಡು ಅಂಚೆಯಣ್ಣ ಸೈಕಲ್ ಹತ್ತಬೇಕು. ಮೂವತ್ತು ವರ್ಷ ಬೀದಿ ಬೀದಿ ಕಾಗದ ಹಂಚಿದ ಅಂಚೆಯಣ್ಣನಿಗೆ ಗೊತ್ತಿಲ್ಲದ ಬಾಗಿಲು ಊರಲ್ಲಿಲ್ಲ.

ಮೂವತ್ತನಾಲ್ಕು ಮನೆ, ಮೂವತ್ತನಾಲ್ಕು ದನಿ. ಹೆಡ್‌ಮಾಸ್ಟರು ಈಗಲೂ ಹಾಜರ್ ಅನ್ನುತ್ತಾರೆ. ಟೈಲರಮ್ಮ ಹೊಲಿಗೆ ಯಂತ್ರ ತುಳಿಯುತ್ತಲೇ ಮಾತಾಡುತ್ತಾಳೆ, ಆ ಸದ್ದು ನಿಧಾನವಾದ ದಿನ ಮಂಡಿನೋವು ಅಂತ ನಾನೇ ಹೇಳಿಬಿಡುತ್ತೇನೆ. ಔಷಧದಂಗಡಿಯ ಮಾವ ತನ್ನ ಹೊಟ್ಟೆಯ ವರ್ತಮಾನವನ್ನು ಬಿಡದೆ ಒಪ್ಪಿಸುತ್ತಾನೆ, ಆಮೇಲೆ ನಾನು ತಿಂಡಿ ತಿನ್ನಬೇಕು. ನಿನ್ನ ಹೆಸರನ್ನು ಪಟ್ಟಿಗೆ ಸೇರಿಸಲು ನೀನು ಒಪ್ಪಿರಲಿಲ್ಲ, ಕರೆ ಶುರು ಮಾಡಿದೋಳಿಗೇ ಕರೆಯಾ ಅಂತ ಜಗಳ ಆಡಿದ್ದೆ. ಕೊನೆಗೆ ನಾನೇ ಮೂವತ್ತನಾಲ್ಕನೆಯದಾಗಿ ಹಾಕಿದೆ. ಕೊನೆಯದಾದರೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದಲ್ಲ. ಬೆಳಗಿನ ಮೂವತ್ತಮೂರು ಕರೆ ನನಗೆ ಕೆಲಸ, ಆ ಒಂದು ಕರೆ ನನಗೆ ಸಂಬಳ.

ಇನ್ನು ಸುತ್ತಿದ್ದು ಸಾಕು.

ನೀನು ಬೀಳುವ ಹಿಂದಿನ ದಿನ, ಆ ಬುಧವಾರ ಸಂಜೆ ಕಾರ್ಯದರ್ಶಿ ಯಂತ್ರದ ಕಾಗದ ತಂದು ಮೇಜಿನ ಮೇಲೆ ಹರಡಿದ. ಅದು ತಾನೇ ನಂಬರ್ ತಿರುಗಿಸುತ್ತದಂತೆ, ಚೆನ್ನಾಗಿದ್ದರೆ ಒಂದನ್ನು ಒತ್ತಿ ಅನ್ನುತ್ತದಂತೆ, ಉತ್ತರ ಬಾರದಿದ್ದರೆ ಬಿಡದೆ ಮಾಡಿ ಮಾಡಿ ಕೊನೆಗೆ ಗಂಟೆ ಬಾರಿಸುತ್ತದಂತೆ. ನಾನು ಕೈ ಕಾಲು ಬಡಿದುಕೊಂಡೆ. ಟೈಲರಮ್ಮನ ಮಂಡಿನೋವು ಯಂತ್ರಕ್ಕೆ ಕೇಳಿಸುತ್ತಾ ಅಂದೆ. ನೀನು ನನ್ನ ಪರ ಮಾತಾಡುತ್ತೀಯ ಅಂತ ಕಾದೆ. ನೀನು ಕನ್ನಡಕ ಒರೆಸುತ್ತಾ, ಗುಬ್ಬಿ, ನಮ್ಮ ಕಿವಿಗೂ ವಯಸ್ಸಾಯ್ತು, ನಾವು ಹೋದ ಮೇಲೆ ಯಾರು ಮಾಡ್ತಾರೆ, ತರಲಿ ಬಿಡು ಅಂದೆ. ನನ್ನ ಬಲಗಿವಿ ಮಂದವಾಗಿರುವುದು ನಿನಗೊಬ್ಬಳಿಗೇ ಗೊತ್ತಿತ್ತು. ಎಲ್ಲರೆದುರು ಆಡಿ ತೋರಿಸಿದೆ ಅನಿಸಿತು. ಒಂದು ಯಂತ್ರ ನನ್ನನ್ನು ಬೋರ್ಡಿನಿಂದ ಎಬ್ಬಿಸಿತ್ತು, ಇನ್ನೊಂದನ್ನು ನೀನೇ ಕೈ ಹಿಡಿದು ಕರೆತರುತ್ತಿದ್ದೀಯ ಅನಿಸಿತು. ಬರ್ತೀನಿ ಅಂತಲೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಗುರುವಾರ ಬೆಳಿಗ್ಗೆ ಮೂವತ್ತಮೂರು ಕರೆ ಮುಗಿದಾಗ ಒಂಬತ್ತು ಗಂಟೆ ಹತ್ತು ನಿಮಿಷ. ನಿನ್ನ ನಂಬರ್ ಮಾಡಿದೆ. ಎಂಗೇಜ್ ಬಂತು. ಈ ಹೊತ್ತಿಗೆ ಯಾರ ಜೊತೆ ಮಾತು, ಕಾರ್ಯದರ್ಶಿ ಜೊತೆ ಯಂತ್ರದ ಮಾತೇ ಇರಬೇಕು ಅಂದುಕೊಂಡೆ. ಮಾತಾಡುತ್ತಿದ್ದಾಳೆ ಎಂದರೆ ಚೆನ್ನಾಗೇ ಇದ್ದಾಳಲ್ಲ ಅಂತ ಸರಿ ಗುರುತು ಹಾಕಿದೆ. ಇನ್ನೆರಡು ಸಲ ಮಾಡಬೇಕಿತ್ತು. ಮಾಡಲಿಲ್ಲ. ನೀನೇ ಬರೆದ ನಿಯಮವನ್ನು ನಿನ್ನ ಮೇಲಿನ ಸಿಟ್ಟಿಗೆ ಮುರಿದೆ. ಎಂಗೇಜ್ ಅಂದರೆ ಕ್ಷೇಮ ಅಂತ ತಿಳಿಯುವ ತಪ್ಪನ್ನು ನಮ್ಮಂಥ ಎಕ್ಸ್‌ಚೇಂಜಿನವರು ಮಾತ್ರ ಮಾಡಬಲ್ಲರು. ನಮ್ಮ ಕಾಲದಲ್ಲಿ ಬೋರ್ಡಿನ ದೀಪ ಉರಿಯುತ್ತಿದ್ದರೆ ಆ ಮನೆಯಲ್ಲಿ ಜೀವ ಇದೆ ಅಂತಲೇ ಅರ್ಥ.

ಮುಂದಿನದನ್ನು ಅಂಚೆಯಣ್ಣ ನಿನಗೆ ಪೂರ್ತಿ ಹೇಳಿರಲಾರ. ಆತ ಹತ್ತು ಗಂಟೆಗೆ ನಿನ್ನ ಬೀದಿಯಲ್ಲಿ ಬರುವಾಗ ಕಿಟಕಿಯ ಪರದೆ ಸರಿದಿರಲಿಲ್ಲ. ಏಳು ಗಂಟೆಗೇ ಪರದೆ ಸರಿಸುವವಳು ನೀನು. ಅನುಮಾನ ಬಂದು ಸೀದಾ ಸಂಘಕ್ಕೆ ಬಂದು ಹಾಳೆ ನೋಡಿದ. ಸರಿ ಗುರುತಿತ್ತು. ಓ, ಎದ್ದಿದ್ದಾರೆ, ತಲೆನೋವಿರಬೇಕು ಅಂತ ಸುಮ್ಮನಾದ. ನಾಲ್ಕು ಗಂಟೆಗೆ ಹಿಂದಿರುಗುವಾಗಲೂ ಪರದೆ ಹಾಗೇ ಇದ್ದುದಕ್ಕೆ ಬಂದು ಕೀಲಿ ತೆಗೆದುಕೊಂಡು ಓಡಿದ. ನೀನು ಆರೂವರೆಗೆ ಬಿದ್ದವಳು. ಒಂಬತ್ತೂವರೆ ಗಂಟೆ ಎಡಗೈ ಮೈಯಡಿಯಲ್ಲಿ ಸಿಕ್ಕಿಕೊಂಡು ನೆಲದ ಮೇಲಿದ್ದೆ. ಸೊಂಟ ಹೇಗೂ ಮುರಿಯುತ್ತಿತ್ತು. ಬೆರಳುಗಳು ಸತ್ತದ್ದು ಆ ಹೊತ್ತಿನಿಂದ ಅಂತ ಡಾಕ್ಟರು ನನ್ನೆದುರಿಗೇ ಹೇಳಿದರು.

ಅಂದಿನಿಂದ ಅಂಚೆಯಣ್ಣ ಹತ್ತು ಗಂಟೆಗೇ ಬಾಗಿಲು ತಟ್ಟಬೇಕಿತ್ತು ಅಂತ ಹಲುಬುತ್ತಿದ್ದಾನೆ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೇನು ಅಂತ ಈಗ ತಿಳಿಯಿತು. ಆಸ್ಪತ್ರೆಯಲ್ಲಿ ಕಾರ್ಯದರ್ಶಿ ವಿಚಾರಿಸಿದಾಗ ನೀನೇ, ಫೋನ್ ನನ್ನ ಜೊತೆ ಬಿದ್ದಿತ್ತು, ಗುಬ್ಬಿಗೆ ಎಂಗೇಜ್ ಬಂದಿರುತ್ತೆ, ಅವಳನ್ನ ಯಾರೂ ಏನೂ ಅನ್ನಬಾರದು ಅಂದೆಯಂತೆ. ಯಾರೂ ಏನೂ ಅನ್ನಲಿಲ್ಲ. ಅದೇ ಕಷ್ಟ.

ಇದು ನಡೆದದ್ದು. ಎಂಗೇಜ್ ಬಂತು, ನಾನು ಮತ್ತೆ ಮಾಡಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ, ಆದರೂ ಹೊಟ್ಟೆಗೆ ಹಾಕಿಕೋ ಅಂತ ಕೇಳುತ್ತಿದ್ದೇನೆ. ನಿನ್ನ ಮತವನ್ನು ನಿನಗೆ ಸರಿ ಕಂಡ ಹಾಗೆ ಹಾಕು. ಈ ಕೆಲಸ ನನ್ನ ಹತ್ತಿರವೇ ಉಳಿಯಲಿ ಅಂತ ನನಗೆ ಆಸೆ ಇದೆ. ಇಲ್ಲ ಅಂತ ಹೇಗೆ ಬರೆಯಲಿ? ಇನ್ನು ಮುಂದೆ ಎಂಗೇಜ್ ಬಂದರೆ ಮೂರಲ್ಲ, ಹತ್ತು ಸಲ ಮಾಡುತ್ತೇನೆ.

ಬಲಗೈಗೆ ಹೆಚ್ಚು ಆಯಾಸ ಕೊಡಬೇಡ. ಅಕ್ಷರ ಚೆನ್ನಾಗಿಯೇ ಇದೆ, ಒಂದನೇ ತರಗತಿಯಲ್ಲಿ ಪಾಸಾಗುತ್ತೀಯ.

ಇಂತಿ,
ನಿನ್ನ ಏಳನೇ ಬೋರ್ಡಿನವಳು,
ಗುಬ್ಬಿ

ತಾ.ಕ.: ಇದನ್ನು ಅಂಟಿಸಿ ಅಂಚೆಪೆಟ್ಟಿಗೆಯವರೆಗೆ ಹೋಗಿದ್ದೆ. ಈಗ ಮರಳಿ ಬಂದು ಒಡೆದು ಬರೆಯುತ್ತಿದ್ದೇನೆ. ದಾರಿಯಲ್ಲಿ ಅಂಚೆಯಣ್ಣ ಸಿಕ್ಕ. ಹಳೆಯ ಅಭ್ಯಾಸ, ನನ್ನ ಕೈಯಿಂದ ಕಾಗದ ತೆಗೆದುಕೊಂಡು ಅಂಗೈಯಲ್ಲಿ ತೂಗಿ ನೋಡಿದ. ಮುಖ ಯಾಕೆ ಹೀಗಾಗಿದೆ ಅಕ್ಕ ಅಂದ. ಮತ್ತೆ ತಾನೇ, ಎಂಗೇಜ್ ಬಂದ್ರೆ ನೀವಾದ್ರೂ ಏನು ಮಾಡ್ತೀರಿ, ನೀವು ಬರೀ ಕಿವಿಯಲ್ಲಿ ಕೇಳಿದೋರು, ನಾನು ಕಣ್ಣಾರೆ ಪರದೆ ನೋಡಿದೋನು, ತಪ್ಪೆಲ್ಲ ನಂದೇ ಅಂದ. ಅವನ ಕಣ್ಣಲ್ಲಿ ನೀರಿತ್ತು. ನನ್ನಿಂದ ತಡೆಯಲಾಗಲಿಲ್ಲ. ಬೀದಿಯಲ್ಲೇ ನಿಂತು ಹೇಳಿಬಿಟ್ಟೆ.

ಎಂಗೇಜ್ ಬರಲಿಲ್ಲ ಅಕ್ಕ. ನಾನು ಫೋನೇ ಮಾಡಲಿಲ್ಲ. ಮೂವತ್ತಮೂರು ಮುಗಿಸಿ ನಿನ್ನ ಹೆಸರಿನ ಹತ್ತಿರ ಬಂದಾಗ, ಇವತ್ತು ಅವಳೇ ಮಾಡಲಿ, ಒಂದು ದಿನ ಕಾಯಲಿ ಅಂದುಕೊಂಡು ಸರಿ ಗುರುತು ಹಾಕಿ ಚಹಾ ಕುಡಿಯಲು ಹೋದೆ. ಫೋನು ಬಿದ್ದದ್ದು ನಿಜವೇ ಇರಬಹುದು, ಎಂಗೇಜಿನ ಕಥೆ ಮಾತ್ರ ನೀನು ನನ್ನನ್ನು ಕಾಪಾಡಲು ಕಟ್ಟಿದ್ದು. ಮೂರು ವಾರ ಅದರ ನೆರಳಲ್ಲೇ ನಿಂತಿದ್ದೆ, ಮೇಲಿನ ಕಾಗದದಲ್ಲೂ ನಿಂತಿದ್ದೇನೆ. ನಿಯಮ ಮುರಿದೆ ಅಂತ ಒಪ್ಪಿಕೊಂಡರೆ ನಿಜ ಹೇಳಿದಷ್ಟೇ ಹಗುರವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಮೇಲಿನದನ್ನು ಹರಿದು ಹೊಸದಾಗಿ ಬರೆಯಬಹುದಿತ್ತು. ಹರಿಯಲಿಲ್ಲ. ತಪ್ಪೊಪ್ಪಿಗೆಯಲ್ಲೂ ನಾನು ಎಷ್ಟು ಚೆಂದವಾಗಿ ಸುಳ್ಳು ಹೇಳಬಲ್ಲೆ ಅಂತ ನಿನಗೆ ಗೊತ್ತಿರಬೇಕು.

ಅಂಚೆಯಣ್ಣ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಆಮೇಲೆ ಕಾಗದವನ್ನು ನನ್ನ ಕೈಗೇ ವಾಪಸು ಕೊಟ್ಟು, ಇದಿನ್ನೂ ಮುಗಿದಿಲ್ಲ ಅಕ್ಕ, ಮುಗಿಸಿ ತನ್ನಿ, ನಾನು ಇಲ್ಲೇ ನಿಂತಿರ್ತೀನಿ ಅಂದ. ಈಗಲೂ ಬೀದಿಯಲ್ಲೇ ನಿಂತಿದ್ದಾನೆ.

ನನ್ನ ಮತವನ್ನು ಕಾರ್ಯದರ್ಶಿಗೆ ಬರೆದು ಮೇಜಿನ ಮೇಲಿಟ್ಟಿದ್ದೇನೆ. ಯಂತ್ರ ಬರಲಿ. ಅದಕ್ಕೆ ಕಿವಿ ಇಲ್ಲದಿರಬಹುದು, ಸಿಟ್ಟೂ ಇಲ್ಲ. ಯಾಕೆ ಬರಲಿ ಅಂತ ಶನಿವಾರ ನಾನೇ ಎದ್ದು ನಿಂತು ಹೇಳುತ್ತೇನೆ, ನೀನು ಅಡ್ಡ ಬರಬೇಡ.

ಈ ಕಾಗದ ನಿನಗೆ ಗುರುವಾರ ಸಿಗುತ್ತದೆ. ಶುಕ್ರವಾರದಿಂದ ದಿನಾ ಬೆಳಿಗ್ಗೆ ಏಳೂವರೆಗೆ ನಿಮ್ಮ ವಾರ್ಡಿನ ಮೇಜಿಗೆ ಫೋನ್ ಮಾಡುತ್ತೇನೆ. ನಿನ್ನನ್ನು ಕರೆಯಿರಿ ಅನ್ನುವುದಿಲ್ಲ. ಅಕ್ಕ ಎದ್ದಿದ್ದಾರಾ ಅಂತ ನರ್ಸನ್ನು ಕೇಳಿ ಇಟ್ಟುಬಿಡುತ್ತೇನೆ. ಮಾತಾಡಬೇಕು ಅನಿಸಿದ ದಿನ ನೀನೇ ಫೋನಿಗೆ ಬಾ.